ವಾರ್ ಥಂಡರ್‌ನ ನಾಲ್ಕು ಮ್ಯಾಕ್ಸಿಮ್‌ಗೆ ಮನೆಯಲ್ಲೇ ಕಟ್ಟಿದ ಗನ್ ಸ್ಟ್ಯಾಂಡ್

ವಾರ್ ಥಂಡರ್ ಅನ್ನುವ ಯುದ್ಧದ ಕಂಪ್ಯೂಟರ್ ಆಟ ಆಡುವವರಿಗೆ ಈ ಲಾರಿ ಗೊತ್ತಿರುತ್ತದೆ. ಸೋವಿಯತ್ ಸಾಲಿನಲ್ಲಿ ಮೊದಲ ಹಂತದಲ್ಲೇ ಸಿಗುವ, ವಿಮಾನ ಹೊಡೆಯುವ ಗಾಡಿ. ಹೆಸರು ಗಾಜ್-ಎಎಎ (4ಎಂ). ಮುಂದೆ ಪುಟ್ಟ ಕ್ಯಾಬಿನ್, ಹಿಂದೆ ಮರದ ತೊಟ್ಟಿ, ತೊಟ್ಟಿಯಲ್ಲಿ ಒಂದು ಕಂಬ, ಕಂಬದ ಮೇಲೆ ಪಕ್ಕಪಕ್ಕದಲ್ಲಿ ನಾಲ್ಕು ಮ್ಯಾಕ್ಸಿಮ್ ಮೆಷಿನ್ ಗನ್. ಟ್ಯಾಂಕಿನ ಒಂದು ಶೆಲ್ ಹತ್ತಿರ ಸಿಡಿದರೂ ಸಾಕು, ಗಾಡಿ ಮುಗಿಯಿತು. ಬಹಳ ಜನ ಇದನ್ನು ಎರಡು ಮೂರು ಪಂದ್ಯ ಆಡಿ ಮುಂದಿನ ಗಾಡಿಗೆ ಹೋಗಿಬಿಡುತ್ತಾರೆ.

ನನಗೆ ಇದನ್ನು ಬಿಡಲು ಮನಸ್ಸು ಬರಲಿಲ್ಲ. ಆದರೆ ಒಂದು ವಿಷಯ ಮಾತ್ರ ಯಾವಾಗಲೂ ಚುಚ್ಚುತ್ತಿತ್ತು. ಮೌಸ್ ಹಿಡಿದ ಕೈ ಒಂದಿಂಚು ಜರುಗಿದರೆ ನಾಲ್ಕೂ ಗನ್ ಆಕಾಶದ ಈ ತುದಿಯಿಂದ ಆ ತುದಿಗೆ ಓಡುತ್ತವೆ. ನಿಜದಲ್ಲಿ ಹಾಗಾಗುತ್ತಾ? ಒಂದು ಮ್ಯಾಕ್ಸಿಮ್ ಗನ್ ಬರಿಯ ಮೈಯೇ ಸುಮಾರು 20 ಕೆ.ಜಿ. ನಳಿಗೆಯನ್ನು ತಣ್ಣಗಿಡಲು ಸುತ್ತ ಇರುವ ಕವಚಕ್ಕೆ, ಅಂದರೆ ಜಾಕೆಟ್ಟಿಗೆ, 4 ಲೀಟರ್ ನೀರು. ನಾಲ್ಕು ಸೇರಿದರೆ ನೂರು ಕೆ.ಜಿ. ಹತ್ತಿರ. ಸ್ಟ್ಯಾಂಡಿನ ತೂಕ ಬೇರೆ. ಅದನ್ನು ಒಬ್ಬ ಮನುಷ್ಯ ಮೈಯಿಂದಲೇ ತಿರುಗಿಸುತ್ತಾ ಓಡುವ ವಿಮಾನದ ಹಿಂದೆ ಹೋಗಬೇಕು. ಆ ಕೆಲಸ ಹೇಗಿರಬಹುದು ಅಂತ ಸ್ವಲ್ಪವಾದರೂ ಕೈಗೆ ತಿಳಿಯಬೇಕು ಅನ್ನಿಸಿತು. ಅದಕ್ಕೇ ಮೌಸ್ ಬದಲು ಒಂದು ಗನ್ ಸ್ಟ್ಯಾಂಡ್ ಕಟ್ಟಿದೆ. ಎರಡೂವರೆ ತಿಂಗಳು ಹಿಡಿಯಿತು, ಶನಿವಾರ ಭಾನುವಾರ ಮಾತ್ರ ಕೆಲಸ. ಏನೇನು ಮಾಡಿದೆ, ಎಲ್ಲೆಲ್ಲಿ ತಪ್ಪಿತು, ಎಲ್ಲಾ ಬರೆದಿಡುತ್ತೇನೆ.

ಮೊದಲು ಗಾಡಿಯ ಬಗ್ಗೆ ಎರಡು ಮಾತು

4ಎಂ ಅಂದರೆ ನಾಲ್ಕು ಮ್ಯಾಕ್ಸಿಮ್. ಸೋವಿಯತ್ ಬಂದೂಕು ವಿನ್ಯಾಸಕ ಟೋಕರೆವ್ ಇದನ್ನು ರೂಪಿಸಿದ್ದು 1931ರಲ್ಲಿ. ಲಾರಿ ಗೋರ್ಕಿ ಕಾರ್ಖಾನೆಯದು. ಅಮೆರಿಕದ ಫೋರ್ಡ್ ಎಎ ಲಾರಿಯಿಂದ ಗಾಜ್-ಎಎ ಬಂತು, ಅದಕ್ಕೆ ಹಿಂದೆ ಇನ್ನೊಂದು ಆಕ್ಸಲ್ ಸೇರಿಸಿದ್ದು ಗಾಜ್-ಎಎಎ. ಆರು ಕಡೆ ಚಕ್ರ, ಹಿಂದಿನ ನಾಲ್ಕಕ್ಕೆ ಎಂಜಿನ್ ಬಲ. ಎಂಜಿನ್ 50 ಹಾರ್ಸ್ ಪವರ್, ಅಷ್ಟೇ. 1938ರಲ್ಲಿ ಹಾಸನ್ ಸರೋವರದ ಹತ್ತಿರ ಜಪಾನಿನ ಜೊತೆ ನಡೆದ ಕಾಳಗದಲ್ಲಿ ಈ ನಾಲ್ಕು ಗನ್ನಿನ ಸ್ಟ್ಯಾಂಡ್ ಬಳಕೆಯಾಯಿತು. (ಹೆಸರು ಕೇಳಿ ನಮ್ಮ ಹಾಸನ ನೆನಪಾಗುತ್ತದೆ, ಆದರೆ ಅದು ರಷ್ಯಾದ ಪೂರ್ವದ ತುದಿಯಲ್ಲಿ, ಕೊರಿಯಾ ಗಡಿಯ ಪಕ್ಕದಲ್ಲಿದೆ.)

ಸಾಮಾನ್ಯ ಮ್ಯಾಕ್ಸಿಮ್‌ಗೂ ಇದಕ್ಕೂ ಎರಡು ದೊಡ್ಡ ವ್ಯತ್ಯಾಸ. ಒಂದು, ಗುಂಡಿನ ಬೆಲ್ಟು 250ರದ್ದಲ್ಲ, 1,000 ಗುಂಡಿನದು. ಇನ್ನೊಂದು ನೀರು. ಸಾದಾ ಮ್ಯಾಕ್ಸಿಮ್‌ನಲ್ಲಿ ಜಾಕೆಟ್ಟಿನ ನೀರು ಅಲ್ಲೇ ಕುದಿಯುತ್ತಾ ಕೂರುತ್ತದೆ. 4ಎಂನಲ್ಲಿ ನಾಲ್ಕೂ ಜಾಕೆಟ್ಟಿಗೆ ಪೈಪ್ ಜೋಡಿಸಿ ನೀರನ್ನು ಸುತ್ತಿಸುತ್ತಿದ್ದರು. ಆಟದಲ್ಲಿ ನಮಗೆ ಕಾಣುವುದು ನಾಲ್ಕು ನಳಿಗೆ, ಒಂದಿಷ್ಟು ಬೆಂಕಿ. ಹಿಂದೆ ಇಷ್ಟು ನೀರಿನ ಕೆಲಸ ಇದೆ ಅಂತ ಗೊತ್ತೇ ಆಗಲ್ಲ. 1,400 ಮೀಟರ್ ಎತ್ತರದವರೆಗೆ, ಗಂಟೆಗೆ 500 ಕಿ.ಮೀ. ವೇಗದವರೆಗಿನ ವಿಮಾನಕ್ಕೆ ಇದು ಸಾಕಾಗುತ್ತಿತ್ತು. 1941ರ ಹೊತ್ತಿಗೆ ವಿಮಾನಗಳು ಗಟ್ಟಿಯಾದವು. 7.62 ಎಂ.ಎಂ. ಗುಂಡು ಸಾಲದಾಯಿತು, 12.7 ಎಂ.ಎಂ. ಡಿಎಸ್‌ಎಚ್‌ಕೆ ಅನ್ನುವ ದೊಡ್ಡ ಮೆಷಿನ್ ಗನ್ ಅದರ ಜಾಗಕ್ಕೆ ಬಂತು. ಆಟದಲ್ಲೂ ಇದೇ ಲಾರಿಯ ಮೇಲೆ ಆ ಗನ್ ಕೂರಿಸಿದ ಇನ್ನೊಂದು ಗಾಡಿ ಇದೆ.

ಕಂಬ ಮತ್ತು ಬೇರಿಂಗ್

ನನ್ನ ರೂಮಿಗೆ ಪೂರ್ತಿ ಅಳತೆಯದು ಹಿಡಿಸಲ್ಲ. ಅರ್ಧ ಅಳತೆ ಅಂತ ತೀರ್ಮಾನಿಸಿದೆ. ಮ್ಯಾಕ್ಸಿಮ್ ಉದ್ದ 1,067 ಎಂ.ಎಂ., ನನ್ನದು 53 ಸೆಂ.ಮೀ.

ಅಡಿಗೆ 18 ಎಂ.ಎಂ. ಪ್ಲೈವುಡ್, ಎರಡು ಅಡಿ ಚೌಕ. ಅದರ ಮೇಲೆ ಎಂಎಸ್ (ಮೆದು ಉಕ್ಕಿನ) ಪೈಪಿನ ಕಂಬ, ಕೂತರೆ ಎದೆ ಮಟ್ಟಕ್ಕೆ ಬರುವಷ್ಟು. ಎಡಬಲ ತಿರುಗಲು 6204 ಬೇರಿಂಗ್ ಎರಡು, ಮೇಲೆ ಕೆಳಗೆ ಆಡಲು 6202 ಎರಡು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕವು. ಶಾಫ್ಟ್ ಕೆಲಸಕ್ಕೆ ಪೀಣ್ಯದ ಒಂದು ಲೇತ್ ಅಂಗಡಿಗೆ ಹೋದೆ. ಕಾಗದದ ಮೇಲೆ ಬರೆದಿದ್ದ ಚಿತ್ರ ತೋರಿಸಿದೆ. ಎರಡು ಬೇರಿಂಗನ್ನೂ ಒಂದರ ಮೇಲೊಂದು ಅಂಟಿಸಿದ ಹಾಗೆ ಬರೆದಿದ್ದೆ.

ಲೇತ್ ಅಣ್ಣ ಚಿತ್ರ ನೋಡಿ ತಲೆ ಅಲ್ಲಾಡಿಸಿದರು. "ಸಾರ್, ಬೇರಿಂಗ್ ಹಿಂಗೆ ಹತ್ರ ಹತ್ರ ಹಾಕಿದ್ರೆ ಮೇಲ್ಗಡೆ ತೂಗಾಡುತ್ತೆ. ಒಂದು ಮೇಲೆ, ಒಂದು ಕೆಳಗೆ ಹಾಕಿ. ನಡುವೆ ಒಂದು ಗೇಣಾದ್ರೂ ಇರ್ಲಿ."

"ಅಣ್ಣ, ಹಾಗಾದ್ರೆ ಶಾಫ್ಟ್ ಉದ್ದ ಆಗುತ್ತಲ್ಲಾ?"

"ಆಗ್ಲಿ ಬಿಡಿ. ಕಬ್ಬಿಣ ಎಷ್ಟು ತಾನೇ ಜಾಸ್ತಿ ಹೋಗುತ್ತೆ?"

ಆ ಒಂದು ಮಾತು ಇಡೀ ಕೆಲಸವನ್ನು ಉಳಿಸಿತು. ನನ್ನ ಚಿತ್ರದಂತೆ ಮಾಡಿದ್ದರೆ ತುದಿಯಲ್ಲಿ ಬೆರಳಗಲ ಅಲ್ಲಾಡುತ್ತಿತ್ತು. ಅವರು ಹೇಳಿದಂತೆ 200 ಎಂ.ಎಂ. ಅಂತರ ಬಿಟ್ಟೆವು. ಕಂಬ ಅಲುಗಲ್ಲ. ಶಾಫ್ಟಿನ ಕೆಳತುದಿಯನ್ನು 8 ಎಂ.ಎಂ.ಗೆ ಇಳಿಸಿಕೊಟ್ಟರು, ಅಲ್ಲಿ ಹಲ್ಲಿನ ಪುಲ್ಲಿ ಕೂರಬೇಕಿತ್ತು.

ನೀರು ಹಾಕಿದೆ, ತೆಗೆದೆ

ನಾಲ್ಕು ಗನ್ನಿಗೆ 50 ಎಂ.ಎಂ. ಪಿವಿಸಿ ಪೈಪ್. ಹಿಂದಿನ ಪೆಟ್ಟಿಗೆಗೆ ಪ್ಲೈವುಡ್. ಪೈಪಿಗೆ ಎರಡೂ ಕಡೆ ಎಂಡ್ ಕ್ಯಾಪ್. ಮುಂದಿನ ಕ್ಯಾಪಿನಲ್ಲಿ ತೂತು ಮಾಡಿ ಪೆನ್ನಿನ ದಪ್ಪದ ಅಲ್ಯೂಮಿನಿಯಂ ಕೊಳವೆ ತೂರಿಸಿದೆ, ಅದು ನಳಿಗೆಯ ತುದಿ. ಮ್ಯಾಕ್ಸಿಮ್ ಜಾಕೆಟ್ಟುಗಳಲ್ಲಿ ಎರಡು ಬಗೆ ಇವೆ. ಕೆಲವು ನುಣ್ಣಗೆ, ಕೆಲವಕ್ಕೆ ಉದ್ದಕ್ಕೂ ಗೀರುಗಳು. ನಾನು ನುಣ್ಣನೆಯದನ್ನೇ ಇಟ್ಟುಕೊಂಡೆ, ಪೈಪ್ ಹಾಗೇ ಇತ್ತಲ್ಲ.

ಜೋಡಿಸಿ ಕಂಬಕ್ಕೆ ಏರಿಸಿದರೆ ಹಿಂಭಾರ. ಕೈ ಬಿಟ್ಟ ಕೂಡಲೇ ಹಿಂದಿನ ಪೆಟ್ಟಿಗೆ ಕೆಳಗೆ ಬಿದ್ದು ನಳಿಗೆಗಳು ಛಾವಣಿ ನೋಡುತ್ತಿದ್ದವು. ಮುಂದಕ್ಕೆ ತೂಕ ಬೇಕು. ನಿಜವಾದ ಗನ್ನಿನಲ್ಲಿ ನೀರು ಇತ್ತು, ನಾನೂ ನೀರೇ ಹಾಕುತ್ತೇನೆ ಅಂತ ಹೊರಟೆ. ಪೈಪಿಗೆ ಸಲ್ಯೂಷನ್ ಬಳಿದು ಕ್ಯಾಪ್ ಕೂರಿಸಿ, ಅರ್ಧ ಮಟ್ಟಕ್ಕೆ ನೀರು ತುಂಬಿದೆ.

ನೆಟ್ಟಗೆ ಹಿಡಿದಾಗ ಸರಿಯಾಗಿ ತೂಗಿತು. ಮೇಲಕ್ಕೆ ಎತ್ತಿದೆ. ನೀರೆಲ್ಲಾ ಹಿಂದಕ್ಕೆ ಹರಿಯಿತು. ಈಗ ಗನ್ ತಾನಾಗಿಯೇ ಇನ್ನೂ ಮೇಲೆ ಏಳಲು ನೋಡುತ್ತದೆ. ಕೆಳಗೆ ತಂದರೆ ನೀರು ಮುಂದಕ್ಕೆ ನುಗ್ಗಿ ಮೂತಿ ಧಡಕ್ಕನೆ ಬೀಳುತ್ತದೆ. ಒಳಗೆ ಗುಳುಗುಳು ಸದ್ದು ಬೇರೆ. ಪೂರ್ತಿ ತುಂಬಿದರೆ ಹರಿದಾಟ ನಿಲ್ಲುತ್ತದೆ ನಿಜ, ಆದರೆ ಆಗ ಮುಂಭಾರ ಜಾಸ್ತಿ. ಸಾಲದ್ದಕ್ಕೆ ಮೂರನೆಯ ಪೈಪಿನ ಕ್ಯಾಪ್ ಜಿನುಗಲು ಶುರುವಾಯಿತು. ಅದರ ಕೆಳಗೇ ಕರೆಂಟಿನ ವೈರು ಬರಬೇಕು. ನೀರಿನ ಯೋಚನೆ ಅಲ್ಲಿಗೇ ಬಿಟ್ಟೆ.

ಆಮೇಲೆ ಮರಳು ಹಾಕಿದೆ. ಜರಡಿ ಹಿಡಿದು, ಬಿಸಿಲಲ್ಲಿ ಒಣಗಿಸಿದ ಮರಳು. ಪೈಪಿನ ಮುಂಭಾಗಕ್ಕೆ ಮಾತ್ರ ತುಂಬಿ, ಅದು ಹಿಂದೆ ಜಾರದಂತೆ ಒಳಗೆ ಥರ್ಮೋಕೋಲ್ ಬಿರಡೆ ತುರುಕಿದೆ. ಒಂದೊಂದು ಚಮಚ ಹಾಕುತ್ತಾ, ಕೈ ಬಿಟ್ಟು ನೋಡುತ್ತಾ ಹೋದೆ. ಒಂದು ಪೈಪಿಗೆ ಮುಕ್ಕಾಲು ಕೆ.ಜಿ. ಹಿಡಿಯಿತು. ಈಗ ಯಾವ ಕೋನದಲ್ಲಿ ಕೈ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಮೂರು ಕೆ.ಜಿ. ಮರಳಿನಿಂದ ಇನ್ನೊಂದು ಲಾಭವೂ ಆಯಿತು. ತಿರುಗಿಸಲು ಹೊರಟರೆ ಮೊದಲು ಸ್ವಲ್ಪ ತಡೆಯುತ್ತದೆ, ಹೊರಟ ಮೇಲೆ ನಿಲ್ಲಿಸಲೂ ಬಲ ಬೇಕು. ನನಗೆ ಬೇಕಾಗಿದ್ದು ಇದೇ. ಖಾಲಿ ಪೈಪಿನಲ್ಲಿ ಇದು ಸಿಗುತ್ತಲೇ ಇರಲಿಲ್ಲ.

ನಾಲ್ಕು ಪೈಪಿನ ನಡುವೆ ತೋರಿಕೆಗೆ ಕಪ್ಪು ರಬ್ಬರ್ ಪೈಪ್ ಜೋಡಿಸಿದ್ದೇನೆ, ನೀರು ಸುತ್ತುತ್ತಿದ್ದದ್ದರ ಗುರುತಿಗೆ. ಬಣ್ಣ ಆಲಿವ್ ಹಸಿರು ಎನಾಮಲ್, ಎರಡು ಕೋಟು.

ತಿರುಗಿದ್ದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ

ಇಲ್ಲಿ ಹೊಸದೇನೂ ಇಲ್ಲ. ಒಂದು ಆರ್ಡುಯಿನೊ ಪ್ರೋ ಮೈಕ್ರೋ ಬೋರ್ಡ್, ಅಂದರೆ ನಾವೇ ಕೋಡ್ ಬರೆದು ಹಾಕಬಹುದಾದ ಪುಟ್ಟ ಸರ್ಕ್ಯೂಟ್. ಅದರ ಎಟಿಮೆಗಾ32ಯು4 ಚಿಪ್ ಯುಎಸ್‌ಬಿಯಲ್ಲಿ ತಾನೇ ಮೌಸ್ ಅಂತ ಹೇಳಿಕೊಳ್ಳಬಲ್ಲದು. ಹಾಗಾಗಿ ಆಟದ ಕಡೆ ಏನನ್ನೂ ಮುಟ್ಟಬೇಕಾಗಿಲ್ಲ. ಅದಕ್ಕೆ ಇನ್ನೊಂದು ಮೌಸ್ ಸಿಕ್ಕಿದ ಹಾಗೆ, ಅಷ್ಟೇ.

ಕೋನ ಅಳೆಯಲು ಆಪ್ಟಿಕಲ್ ಎನ್‌ಕೋಡರ್ ಎರಡು, ಎಸ್.ಪಿ. ರಸ್ತೆಯಿಂದ. ಶಾಫ್ಟ್ ಒಂದು ಸುತ್ತು ತಿರುಗಿದರೆ ಇದು 600 ಪಲ್ಸ್ ಕೊಡುತ್ತದೆ. ಅದರ ಎ ಮತ್ತು ಬಿ ಎರಡೂ ತಂತಿಯ ಏರಿಳಿತ ಎಣಿಸಿದರೆ ಒಂದು ಸುತ್ತಿಗೆ 2,400 ಎಣಿಕೆ. ನೇರವಾಗಿ ಶಾಫ್ಟಿಗೆ ಜೋಡಿಸಿದರೆ ಒಂದು ಎಣಿಕೆ ಅಂದರೆ 0.15 ಡಿಗ್ರಿ. 400 ಮೀಟರ್ ದೂರದಲ್ಲಿ ಅದು ಒಂದು ಮೀಟರಿಗೂ ಸ್ವಲ್ಪ ಜಾಸ್ತಿ. ಪೈಲಟ್ ಕೂರುವ ಜಾಗಕ್ಕೆ ಗುರಿ ಇಡಬೇಕು ಅಂದರೆ ಇದು ಒರಟು. ಶಾಫ್ಟಿಗೆ 60 ಹಲ್ಲಿನ ಪುಲ್ಲಿ, ಎನ್‌ಕೋಡರಿಗೆ 20 ಹಲ್ಲಿನದು, ನಡುವೆ ಜಿಟಿ2 ಅನ್ನುವ ಹಲ್ಲಿನ ಬೆಲ್ಟ್ ಹಾಕಿದೆ. ತ್ರೀಡಿ ಪ್ರಿಂಟರಿಗೆ ಹಾಕುತ್ತಾರಲ್ಲ, ಅದೇ. ಈಗ ಒಂದು ಸುತ್ತಿಗೆ 7,200 ಎಣಿಕೆ. ಒಂದು ಎಣಿಕೆ 0.05 ಡಿಗ್ರಿ. 400 ಮೀಟರಿಗೆ 35 ಸೆಂ.ಮೀ. ಸಾಕು.

ತೊಂದರೆ ಬಂದದ್ದು ಪುಲ್ಲಿಯಲ್ಲಿ. ಎನ್‌ಕೋಡರ್ ಶಾಫ್ಟ್ 6 ಎಂ.ಎಂ., ಅಂಗಡಿಯಲ್ಲಿ ಸಿಕ್ಕ ಪುಲ್ಲಿಯ ತೂತು 6.35 ಎಂ.ಎಂ. ಅಲೆನ್ ಸ್ಕ್ರೂ ಬಿಗಿದರೆ ಹಿಡಿದುಕೊಳ್ಳುತ್ತದೆ, ಆದರೆ ಒಂದು ಪಕ್ಕಕ್ಕೆ ವಾಲಿಕೊಂಡು. ತಿರುಗಿಸಿದರೆ ಬೆಲ್ಟ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಪರದೆಯ ಮೇಲೆ ಗುರಿ ಸಣ್ಣದಾಗಿ ನಡುಗುತ್ತಿತ್ತು. ತಂಪು ಪಾನೀಯದ ಡಬ್ಬಿಯ ತಗಡನ್ನು ಕತ್ತರಿಯಿಂದ ಪಟ್ಟಿಯಾಗಿ ಕತ್ತರಿಸಿ, ಶಾಫ್ಟಿಗೆ ಒಂದು ಸುತ್ತು ಸುತ್ತಿ, ಮೇಲೆ ಪುಲ್ಲಿ ತೂರಿಸಿದೆ. ಆ ತಗಡು ಸುಮಾರು 0.1 ಎಂ.ಎಂ. ದಪ್ಪ. ನಡುಕ ನಿಂತಿತು. ನೀವು ಮಾಡುವುದಾದರೆ ಮೊದಲೇ 6 ಎಂ.ಎಂ. ತೂತಿನದನ್ನೇ ಹುಡುಕಿ ತನ್ನಿ.

ಎನ್‌ಕೋಡರಿನ ನಾಲ್ಕು ತಂತಿ ಪ್ರೋ ಮೈಕ್ರೋದ 0, 1, 2, 3ನೇ ಪಿನ್ನಿಗೆ. ನಾಲ್ಕೂ ಇಂಟರಪ್ಟ್ ಪಿನ್ನುಗಳು, ಅಂದರೆ ತಂತಿ ಬದಲಾದ ಕೂಡಲೇ ಚಿಪ್ ಕೈಲಿದ್ದ ಕೆಲಸ ನಿಲ್ಲಿಸಿ ಅದನ್ನು ನೋಡುತ್ತದೆ. ಈ ಎನ್‌ಕೋಡರಿನ ಔಟ್‌ಪುಟ್ ಓಪನ್ ಕಲೆಕ್ಟರ್, ತಾನಾಗಿ 5 ವೋಲ್ಟಿಗೆ ಏರಲ್ಲ. ಅದನ್ನು ಮೇಲಕ್ಕೆ ಎಳೆಯುವ ಪುಲ್-ಅಪ್ಪನ್ನು ಕೋಡಿನಲ್ಲಿ ಆನ್ ಮಾಡಬೇಕು. ಮರೆತರೆ ಏನೂ ಎಣಿಸಲ್ಲ, ಎನ್‌ಕೋಡರೇ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಗನ್ ಆಕಾಶಕ್ಕೆ ಹಾರಿದ ರಾತ್ರಿ

ಮೊದಲ ದಿನ ಎಲ್ಲಾ ಚೆನ್ನಾಗಿ ಓಡಿತು. ಹತ್ತು ನಿಮಿಷ ಆಡಿದ ಮೇಲೆ, ಮೆಲ್ಲಗೆ ಎಡಕ್ಕೆ ತಿರುಗುತ್ತಿದ್ದಾಗ, ಪರದೆಯ ಮೇಲೆ ಗನ್ ಸರ್ರನೆ ಬಲಕ್ಕೆ ಹಾರಿತು. ಮತ್ತೆ ಐದು ನಿಮಿಷ ಸರಿ. ಮತ್ತೆ ಹಾರಿತು. ವೈರ್ ಲೂಸ್ ಅಂದುಕೊಂಡು ಎಲ್ಲಾ ಬೆಸುಗೆ ಮತ್ತೆ ಮಾಡಿದೆ. ಎನ್‌ಕೋಡರ್ ಅದಲು ಬದಲು ಮಾಡಿದೆ. ಮೂರು ರಾತ್ರಿ ಹೋಯಿತು.

ತಪ್ಪು ಕೋಡಿನಲ್ಲಿತ್ತು. ಎಣಿಕೆಯನ್ನು ನಾಲ್ಕು ಬೈಟಿನ ಸಂಖ್ಯೆಯಾಗಿ ಇಟ್ಟಿದ್ದೆ. ಈ ಚಿಪ್ 8 ಬಿಟ್ಟಿನದು, ಒಂದು ಸಲಕ್ಕೆ ಒಂದೇ ಬೈಟ್ ಓದುತ್ತದೆ. ಎರಡು ಬೈಟ್ ಓದಿ ಮುಗಿಸಿದೆ ಅನ್ನಿ. ಅಷ್ಟರಲ್ಲಿ ಎನ್‌ಕೋಡರಿನ ಇಂಟರಪ್ಟ್ ಬಂದು ಸಂಖ್ಯೆಯನ್ನು ಬದಲಾಯಿಸಿತು. ಉಳಿದ ಎರಡು ಬೈಟ್ ಹೊಸ ಸಂಖ್ಯೆಯದು. ಅರ್ಧ ಹಳೆಯದು, ಅರ್ಧ ಹೊಸದು ಸೇರಿ ಎಲ್ಲಿಗೋ ಸೇರಿದ ಸಂಖ್ಯೆ ಬರುತ್ತದೆ. ಅಪರೂಪಕ್ಕೆ ಆಗುವುದರಿಂದ ಹಿಡಿಯುವುದು ಕಷ್ಟ. ಪರಿಹಾರ ಮೂರೇ ಸಾಲು: ಇಂಟರಪ್ಟ್ ನಿಲ್ಲಿಸು, ಸಂಖ್ಯೆಯನ್ನು ನಕಲು ಮಾಡಿಕೋ, ಇಂಟರಪ್ಟ್ ಮತ್ತೆ ಬಿಡು. ಆಮೇಲೆ ಒಂದು ಸಲವೂ ಹಾರಿಲ್ಲ.

ಇನ್ನೊಂದು ಸಣ್ಣದಿತ್ತು. ಮೌಸ್ ಲೈಬ್ರರಿ ಒಂದು ಸಲಕ್ಕೆ 127ಕ್ಕಿಂತ ಜಾಸ್ತಿ ಜರುಗಿಸಲ್ಲ. ಜೋರಾಗಿ ತಿರುಗಿಸಿದರೆ ಮಿಕ್ಕ ಎಣಿಕೆ ಕಳೆದುಹೋಗುತ್ತಿತ್ತು. ಮಿಕ್ಕಿದ್ದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಕಳಿಸುವಂತೆ ಮಾಡಿದೆ.

ಕಾಲಡಿ ಒಂದು ಪೆಡಲ್ ಇದೆ, ಹೊಲಿಗೆ ಯಂತ್ರದ ಹಳೆಯ ಪೆಡಲ್ಲಿಗೆ ಮೈಕ್ರೋ ಸ್ವಿಚ್ ಕೂರಿಸಿದ್ದು. ಅದನ್ನು ಒತ್ತಿದಾಗ ಎಣಿಕೆ ಕಂಪ್ಯೂಟರಿಗೆ ಹೋಗಲ್ಲ. ಗನ್ ತೀರಾ ಪಕ್ಕಕ್ಕೆ ತಿರುಗಿ ಪರದೆಗೆ ಬೆನ್ನು ಮಾಡುವ ಹಾಗಾದರೆ, ಪೆಡಲ್ ಒತ್ತಿ ಗನ್ನನ್ನು ನೇರಕ್ಕೆ ತಂದು ಬಿಟ್ಟರಾಯಿತು. ಮೌಸನ್ನು ಎತ್ತಿ ಪಕ್ಕಕ್ಕಿಟ್ಟ ಹಾಗೆ.

ಜರ್ಕ್ ಬಿಡಿಸಿದ್ದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ವಿಮಾನದ ಹಿಂದೆ ಹೋಗುವಾಗ ಗನ್ ಒಂದೇ ಸಮನೆ ತಿರುಗಬೇಕು. ನಿಂತು, ಹೊರಟು, ನಿಂತು ಹೋದರೆ ಏನೂ ಹೊಡೆಯಲು ಆಗಲ್ಲ.

ಬೇರಿಂಗ್ ಮಾತ್ರ ಇದ್ದಾಗ ತೀರಾ ಹಗುರ. ಕೈಯ ನಡುಕವೆಲ್ಲಾ ಪರದೆಗೆ ಹೋಗುತ್ತಿತ್ತು. ಬಿಗಿ ಬರಲಿ ಅಂತ ಬೋಲ್ಟಿಗೆ ರಬ್ಬರ್ ವಾಷರ್ ಹಾಕಿ ಬಿಗಿದೆ. ಆಗ ಇನ್ನೂ ಕೆಟ್ಟಿತು. ಮೆಲ್ಲಗೆ ತಳ್ಳಿದರೆ ಜರುಗಲ್ಲ, ಸ್ವಲ್ಪ ಜಾಸ್ತಿ ತಳ್ಳಿದರೆ ಟಕ್ ಅಂತ ಮುಂದೆ ಹಾರುತ್ತದೆ. ರಬ್ಬರು ನಿಂತಿದ್ದಾಗ ಹಿಡಿಯುವ ಬಲ, ಜಾರುವಾಗಿನ ಬಲಕ್ಕಿಂತ ಜಾಸ್ತಿ. ಅದೇ ಕಾರಣ.

ರಬ್ಬರ್ ತೆಗೆದು ಫೆಲ್ಟ್ ಬಟ್ಟೆಯ ವಾಷರ್ ಕತ್ತರಿಸಿದೆ. ಎರಡು ಉಕ್ಕಿನ ತಟ್ಟೆ ನಡುವೆ ಫೆಲ್ಟ್, ಫೆಲ್ಟಿಗೆ ಗಟ್ಟಿ ಡ್ಯಾಂಪಿಂಗ್ ಗ್ರೀಸ್ ಚೆನ್ನಾಗಿ ತಿಕ್ಕಿ ಇಳಿಸಿದೆ. ಮೇಲೆ ಸ್ಪ್ರಿಂಗ್ ವಾಷರ್, ಅದರ ಮೇಲೆ ನೈಲಾಕ್ ನಟ್. ನಟ್ಟನ್ನು ಕಾಲು ಸುತ್ತು ಕಾಲು ಸುತ್ತು ಬಿಗಿಯುತ್ತಾ ನೋಡಿದೆ. ಗ್ರೀಸಿನ ಗುಣವೇ ಬೇರೆ. ಮೆಲ್ಲಗೆ ತಳ್ಳಿದರೆ ಮೆಲ್ಲಗೆ ಬಿಡುತ್ತದೆ, ಜೋರಾಗಿ ತಳ್ಳಿದರೆ ಅಷ್ಟೇ ಜೋರಾಗಿ ತಡೆಯುತ್ತದೆ. ಜೇನುತುಪ್ಪದಲ್ಲಿ ಚಮಚ ಆಡಿಸಿದ ಹಾಗೆ. ಮರಳಿನ ತೂಕ, ಗ್ರೀಸಿನ ತಡೆ, ಎರಡೂ ಸೇರಿದ ಮೇಲೆ ಗನ್ ನನ್ನ ಕೈಗಿಂತ ಸ್ಥಿರವಾಗಿ ಓಡತೊಡಗಿತು. ಆ ಸಂಜೆ ಕಂಪ್ಯೂಟರ್ ಆನ್ ಮಾಡದೆಯೇ, ಸುಮ್ನೆ ಕಿಟಕಿಯಾಚೆಯ ಹದ್ದಿನ ಹಿಂದೆ ಅರ್ಧ ಗಂಟೆ ತಿರುಗಿಸುತ್ತಾ ಕೂತಿದ್ದೆ.

ಹೆಬ್ಬೆರಳು ಮತ್ತು ಸೊಲೆನಾಯ್ಡ್

ಮ್ಯಾಕ್ಸಿಮ್ ಗನ್ನಿಗೆ ಹಿಂದೆ ಎರಡು ಹಿಡಿ, ನಡುವೆ ಹೆಬ್ಬೆರಳಿನಿಂದ ಒತ್ತುವ ಟ್ರಿಗರ್. ನಾನೂ ಹಾಗೇ ಮಾಡಿದೆ. ಮರದ ಎರಡು ಹಿಡಿ ಕಡೆಸಿ, ನಡುವೆ ತಗಡಿನ ಒತ್ತುಪಟ್ಟಿ, ಅದರ ಹಿಂದೆ ಮೈಕ್ರೋ ಸ್ವಿಚ್. ಒತ್ತಿದರೆ ಮೌಸಿನ ಎಡ ಬಟನ್.

ಅದರ ಜೊತೆಗೆ 12 ವೋಲ್ಟಿನ ಒಂದು ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆಯುವ ಸುರುಳಿ), ಒತ್ತಿದಾಗ ಪೆಟ್ಟಿಗೆಯ ಒಳಗೆ ಬಡಿಯಲು. ಒಂದು ಮ್ಯಾಕ್ಸಿಮ್ ನಿಮಿಷಕ್ಕೆ ಸುಮಾರು 600 ಗುಂಡು, ಅಂದರೆ ಸೆಕೆಂಡಿಗೆ 10. ಅದೇ ಲೆಕ್ಕಕ್ಕೆ 30 ಮಿಲಿಸೆಕೆಂಡ್ ಆನ್, 70 ಆಫ್. ಬೇರೆ ಅಡಾಪ್ಟರಿನಿಂದ ಕರೆಂಟು, ನಡುವೆ ಅದನ್ನು ಆನ್ ಆಫ್ ಮಾಡುವ ಸ್ವಿಚ್ಚಾಗಿ ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್.

ಮೊದಲ ಸಲ ಒತ್ತಿದ ಕೂಡಲೇ ವಿಂಡೋಸಿನ ಯುಎಸ್‌ಬಿ ಕಳಚಿದ ಸದ್ದು. ಬೋರ್ಡ್ ರೀಸೆಟ್ ಆಗಿತ್ತು. ಪ್ರತಿ ಸಲ ಒತ್ತಿದಾಗಲೂ ಅದೇ. ಸೊಲೆನಾಯ್ಡಿನ ಸುರುಳಿಗೆ ಅಡ್ಡವಾಗಿ ಡಯೋಡ್ ಹಾಕುವುದನ್ನು ಬಿಟ್ಟಿದ್ದೆ. ಕರೆಂಟ್ ಕಡಿದಾಗ ಸುರುಳಿ ದೊಡ್ಡ ವೋಲ್ಟೇಜ್ ಹಿಂದಕ್ಕೆ ಎಸೆಯುತ್ತದೆ. ಒಂದು 1ಎನ್4007 ಡಯೋಡನ್ನು ತಿರುವುಮುರುವಾಗಿ ಬೆಸೆದೆ, ಸರಿಯಾಯಿತು. ತುಂಬಾ ಹೊತ್ತು ಒತ್ತಿ ಹಿಡಿದರೆ ಸೊಲೆನಾಯ್ಡ್ ಬಿಸಿಯಾಗುತ್ತದೆ. ಕೋಡಿನಲ್ಲಿ ಮಿತಿ ಹಾಕುವ ಬದಲು ನಾನೇ ತುಂಡು ತುಂಡಾಗಿ ಒತ್ತುವುದನ್ನು ಅಭ್ಯಾಸ ಮಾಡಿಕೊಂಡೆ.

ಉಂಗುರ

ಸ್ಟ್ಯಾಂಡ್ ಆಯಿತು. ಆಡಿದೆ. ಒಂದೂ ವಿಮಾನ ಬೀಳಲಿಲ್ಲ. ಮೌಸಿನಲ್ಲಿ ಆಡುವಾಗ ಅಂದಾಜಿನಿಂದ ಸುರಿಸುತ್ತಿದ್ದೆ, ಏನೋ ಒಂದು ತಾಗುತ್ತಿತ್ತು. ಇಲ್ಲಿ ತಪ್ಪಿದರೆ ತಿದ್ದಲು ಹೊತ್ತು ಬೇಕು. ಮೊದಲೇ ಸರಿಯಾದ ಜಾಗದಲ್ಲಿ ಇರಬೇಕು.

ಅಕ್ಕನ ಮಗ ಶಿವಮೊಗ್ಗದಲ್ಲಿದ್ದಾನೆ. ಅವನನ್ನು ಆಟಕ್ಕೆ ಕರೆದು, ಕಸ್ಟಮ್ ಬ್ಯಾಟಲ್‌ನಲ್ಲಿ (ನಾವೇ ಏರ್ಪಡಿಸಿಕೊಳ್ಳುವ ಪಂದ್ಯ) ವಿಮಾನ ಹಾರಿಸಲು ಹೇಳಿದೆ. ಫೋನಿನಲ್ಲಿ ಅವನೇ ಹೇಳಿದ, "ಮಾಮ, ಎಲ್ಲಾ ನನ್ನ ಹಿಂದೆ ಹೋಗ್ತಿದೆ. ಬಾಲಕ್ಕೂ ತಾಗ್ತಿಲ್ಲ."

ಕಾಗದ ತಗೊಂಡು ಲೆಕ್ಕಕ್ಕೆ ಕೂತೆ. ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 800 ಮೀಟರಿಗಿಂತ ಜಾಸ್ತಿ. ಗಾಳಿಯಲ್ಲಿ ನಿಧಾನವಾಗುವುದರಿಂದ ಮೊದಲ 400 ಮೀಟರಿಗೆ ಸರಾಸರಿ 700 ಅಂತ ಹಿಡಿದೆ. ಗಂಟೆಗೆ 300 ಕಿ.ಮೀ. ವಿಮಾನ ಅಂದರೆ ಸೆಕೆಂಡಿಗೆ 83 ಮೀಟರ್. ಗುಂಡು 400 ಮೀಟರ್ ಹೋಗುವಷ್ಟರಲ್ಲಿ ಅಡ್ಡ ಹಾರುವ ವಿಮಾನ 47 ಮೀಟರ್ ಮುಂದೆ ಹೋಗಿರುತ್ತದೆ. ಆ ಕಾಲದ ಫೈಟರ್ ಉದ್ದ 9 ಮೀಟರ್ ಅಂತಿಟ್ಟುಕೊಂಡರೆ, ಐದು ವಿಮಾನದಷ್ಟು ಮುಂದೆ ಗುರಿ ಇಡಬೇಕು! ನಾನು ಇಡುತ್ತಿದ್ದದ್ದು ಒಂದೂವರೆ ವಿಮಾನದಷ್ಟು.

ಆಮೇಲೆ ಕಂಡದ್ದು ನನಗೆ ತುಂಬಾ ಹಿಡಿಸಿತು. ದೂರ ಅರ್ಧವಾದರೆ ಗುಂಡಿನ ಹೊತ್ತೂ ಹೆಚ್ಚು ಕಡಿಮೆ ಅರ್ಧ, ವಿಮಾನ ಸರಿಯುವುದೂ ಅರ್ಧ. ಆದ್ದರಿಂದ ಕೋನ ಹೆಚ್ಚು ಬದಲಾಗಲ್ಲ. 83ನ್ನು 700ರಿಂದ ಭಾಗಿಸಿದರೆ 0.119, ಅಂದರೆ 6.8 ಡಿಗ್ರಿ. 200 ಮೀಟರಿಗೂ 400ಕ್ಕೂ ಸುಮಾರು ಅದೇ. ಹಳೆಯ ಗನ್ನುಗಳ ಮೇಲೆ ಜೇಡರ ಬಲೆಯ ಹಾಗೆ ಕಬ್ಬಿಣದ ಉಂಗುರ ಇರುತ್ತದಲ್ಲ, ಅದರ ಗುಟ್ಟು ಇದೇ. ದೂರ ಗೊತ್ತಿರಬೇಕಿಲ್ಲ. ವೇಗ, ದಿಕ್ಕು ಅಂದಾಜಿದ್ದರೆ ಸಾಕು. ಕಣ್ಣಿಂದ 50 ಸೆಂ.ಮೀ. ಮುಂದೆ 6 ಸೆಂ.ಮೀ. ತ್ರಿಜ್ಯದ ಉಂಗುರ ಇಟ್ಟರೆ 300 ಕಿ.ಮೀ. ವಿಮಾನದ ಲೆಕ್ಕ ಅದರಲ್ಲೇ ಬಂದುಬಿಡುತ್ತದೆ.

ಖುಷಿಯಿಂದ ತಂತಿ ಬಗ್ಗಿಸಿ ಉಂಗುರ ಬೆಸೆದು ಗನ್ನಿನ ಮೇಲೆ ಕೂರಿಸಿದೆ. ಕೂತು ನೋಡಿದಾಗಲೇ ಗೊತ್ತಾಗಿದ್ದು: ಗನ್ ತಿರುಗುತ್ತದೆ, ಪರದೆ ನಿಂತಲ್ಲೇ ಇರುತ್ತದೆ. ಉಂಗುರ ಪರದೆ ಬಿಟ್ಟು ಗೋಡೆ ನೋಡುತ್ತದೆ. ಹಾಗಾದರೆ ಉಂಗುರ ಇರಬೇಕಾದದ್ದು ಪರದೆಯ ಮೇಲೆ.

ಅದರ ಅಳತೆ ಹೇಗೆ? ಸ್ಟ್ಯಾಂಡೇ ದಾರಿ ತೋರಿಸಿತು. ಮೊದಲು ವಿಂಡೋಸಿನಲ್ಲಿ ಮೌಸ್ ವೇಗ ತಾನಾಗಿ ಏರುವ ಸೆಟ್ಟಿಂಗ್ ಆಫ್ ಮಾಡಿದೆ. ಆಟದಲ್ಲಿ ಒಂದು ಗೋಪುರಕ್ಕೆ ಗುರಿ ಇಟ್ಟೆ. ಅಡಿ ಹಲಗೆಗೆ ಎರಡು ಮರದ ತುಂಡು ಹೊಡೆದು, ಗನ್ ಸರಿಯಾಗಿ 90 ಡಿಗ್ರಿ ತಿರುಗಿ ತಾಗುವಂತೆ ಮಾಡಿದೆ. 90 ತಿರುಗಿಸು, ಪೆಡಲ್ ಒತ್ತಿ ಹಿಂದೆ ತಾ, ಮತ್ತೆ 90. ಹೀಗೆ ನಾಲ್ಕು ಸಲ. ಅದೇ ಗೋಪುರಕ್ಕೆ ವಾಪಸ್ ಬರಬೇಕು. ಮೊದಲ ಸಲ ಅದನ್ನು ದಾಟಿ ತುಂಬಾ ಮುಂದೆ ಹೋಯಿತು. ಆಟದ ಸೆನ್ಸಿಟಿವಿಟಿ ಇಳಿಸುತ್ತಾ, ಉಳಿದ ಸಣ್ಣ ವ್ಯತ್ಯಾಸವನ್ನು ಕೋಡಿನಲ್ಲಿ ಗುಣಿಸಿ ಸರಿಮಾಡಿದೆ. ಈಗ ಕೈಯ 360 ಡಿಗ್ರಿ, ಆಟದ 360 ಡಿಗ್ರಿ ಒಂದೇ.

ಆಮೇಲೆ ಸುಲಭ. 6.8 ಡಿಗ್ರಿ ಅಂದರೆ 136 ಎಣಿಕೆ. ಗೋಪುರವನ್ನು ಪರದೆಯ ನಡುವೆ ಇಟ್ಟು, 136 ಎಣಿಕೆ ತಿರುಗಿಸಿದೆ. ಗೋಪುರ ನಡುವಿನಿಂದ 3.8 ಸೆಂ.ಮೀ. ಸರಿಯಿತು. ಅದೇ ಉಂಗುರದ ತ್ರಿಜ್ಯ. 200 ಕಿ.ಮೀ. ವಿಮಾನಕ್ಕೆ 90 ಎಣಿಕೆ, 2.5 ಸೆಂ.ಮೀ. ಹಳೆಯ ಓಹೆಚ್‌ಪಿ ಶೀಟಿನ (ಪಾರದರ್ಶಕ ಹಾಳೆ) ಮೇಲೆ ಕಂಪಾಸಿನಿಂದ ಎರಡು ಉಂಗುರ, ನಡುವೆ ಒಂದು ಚುಕ್ಕೆ ಬರೆದು ಮಾನಿಟರಿಗೆ ಅಂಟಿಸಿದೆ. ನನ್ನದು 24 ಇಂಚಿನ ಪರದೆ. ನಿಮ್ಮದಕ್ಕೆ ನೀವೇ ಅಳೆದುಕೊಳ್ಳಬೇಕು. ಜೂಮ್ ಮಾಡಿದರೆ ಈ ಅಳತೆ ನಡೆಯಲ್ಲ.

ಬಳಸುವ ರೀತಿ ಹೀಗೆ. ಪೂರ್ತಿ ಅಡ್ಡಕ್ಕೆ ಹಾರುವ ವಿಮಾನವನ್ನು ಉಂಗುರದ ಮೇಲೆ ಇಡಬೇಕು, ಮೂತಿ ನಡುವಿನ ಚುಕ್ಕೆಯ ಕಡೆ ನೋಡುತ್ತಿರಬೇಕು. ಓರೆಯಾಗಿ ಬರುತ್ತಿದ್ದರೆ ಉಂಗುರದ ಒಳಗೆ. ನೇರ ನಮ್ಮ ಮೇಲೇ ಡೈವ್ ಮಾಡುವ ಜರ್ಮನ್ ಬಾಂಬರ್ ಯುಂಕರ್ಸ್ 87 ಆದರೆ ಚುಕ್ಕೆಯ ಮೇಲೇ. ಯಾವಾಗಲೂ ಮೂತಿ ಚುಕ್ಕೆಯ ಕಡೆ. ಇದೊಂದನ್ನು ನೆನಪಿಟ್ಟರೆ ಉಳಿದದ್ದು ಕೈಗೆ ಬರುತ್ತದೆ.

ಮರುದಿನ ಮತ್ತೆ ಶಿವಮೊಗ್ಗಕ್ಕೆ ಫೋನ್. ಅವನು ಎಡದಿಂದ ಬಲಕ್ಕೆ ಬಂದ. ಗನ್ನನ್ನು ಅವನಿಗಿಂತ ಮುಂದೆ ತಂದು, ಅವನು ಉಂಗುರಕ್ಕೆ ತಾಗುವಂತೆ ಅದೇ ವೇಗದಲ್ಲಿ ತಿರುಗಿಸುತ್ತಾ ಹೋದೆ. ಗ್ರೀಸಿನ ತಡೆ ಅಂಗೈಗೆ ತಿಳಿಯುತ್ತಿತ್ತು. ಹೆಬ್ಬೆರಳು ಒತ್ತಿದೆ, ಒಂದು ಸೆಕೆಂಡ್. ನಾಲ್ಕು ಸಾಲು ಗುಂಡು ಖಾಲಿ ಆಕಾಶಕ್ಕೆ ಹೋದ ಹಾಗೆ ಕಂಡಿತು. ಅಷ್ಟರಲ್ಲಿ ವಿಮಾನ ಅದರೊಳಗೆ ಬಂದು ಸೇರಿತು.

"ಅಯ್ಯೋ ಮಾಮ, ಎಂಜಿನ್ ಹೋಯ್ತು," ಅಂದ.

ಆ ಸಂಜೆ ಹದಿನಾಲ್ಕು ಸಲ ಹಾರಿದ. ಐದು ಸಲ ಬಿದ್ದ, ಮೂರು ಸಲ ಹೊಗೆ ಬಿಟ್ಟುಕೊಂಡು ಹೋದ. ಮೇಲಿಂದ ನೇರ ಬಂದು ನನ್ನ ಲಾರಿಯನ್ನೇ ನಾಲ್ಕು ಸಲ ಮುಗಿಸಿದ. ತೆರೆದ ತೊಟ್ಟಿಯಲ್ಲಿ ನಿಂತ ಗನ್ನರಿಗೆ ಅಡ್ಡ ಏನೂ ಇಲ್ಲ ಅಲ್ವಾ?

ಒಟ್ಟು ಖರ್ಚು 6,800 ರೂಪಾಯಿ ಹತ್ತಿರ. ಲೇತ್ ಕೆಲಸ, ಎರಡು ಎನ್‌ಕೋಡರ್, ಬೇರಿಂಗ್, ಇವೇ ಅದರಲ್ಲಿ ದೊಡ್ಡ ಪಾಲು. ಮರಳು ಪಕ್ಕದ ಮನೆ ಕಟ್ಟುವವರು ಕೊಟ್ಟರು. ಬಾಕಿ ಉಳಿದಿರುವುದು ಯುಎಸ್‌ಬಿ ವೈರು. ಈಗ ಅದು ಗನ್ನಿನ ಜೊತೆ ಸುತ್ತಿಕೊಳ್ಳುತ್ತದೆ. ಮುಂದಿನ ಶನಿವಾರ ಪೀಣ್ಯಕ್ಕೆ ಹೋಗಿ, ಶಾಫ್ಟಿನ ನಡುವೆ ಉದ್ದಕ್ಕೂ ತೂತು ಕೊರೆಯಲು ಆಗುತ್ತಾ ಅಂತ ಲೇತ್ ಅಣ್ಣನನ್ನು ಕೇಳಬೇಕು.